ಬೊಲೆರೊ ಹಿಂಭಾಗ ತಗ್ಗುತ್ತದೆ: ಪ್ಲೇಟ್ ಹೆಚ್ಚಿಸಿದರೆ ಸಾಕೇ?

ಪ್ರಶ್ನೆ (ಶಿರಸಿ ಕಡೆಯ ಅಡಿಕೆ ಬೆಳೆಗಾರರು):
ನಾಯ್ಕರೇ, ನಮಸ್ಕಾರ. ಮನೆಯಲ್ಲಿ ಹಳೆಯ ಬೊಲೆರೊ ಇದೆ. ಅಡಿಕೆ ಚೀಲ ಮಾರುಕಟ್ಟೆಗೆ ಒಯ್ಯುವುದು, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಗೆ 500 ಲೀಟರಿನ ಟ್ಯಾಂಕು ಸಾಗಿಸುವುದು, ಎಲ್ಲವೂ ಅದರಲ್ಲೇ. ಈಗ ಸಣ್ಣ ಟ್ರೇಲರ್ ಕಟ್ಟುವ ಯೋಚನೆಯೂ ಇದೆ; ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವುದಿರುತ್ತದೆ. ಭಾರ ಹೇರಿದಾಗ ಹಿಂಭಾಗ ತಗ್ಗಿ, ಗುಂಡಿ ಸಿಕ್ಕಲ್ಲೆಲ್ಲ ಧಡ್ ಎನ್ನುತ್ತದೆ. ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟ್ (ಒಂದರ ಮೇಲೊಂದು ಜೋಡಿಸುವ ಬಾಗಿದ ಉಕ್ಕಿನ ಪಟ್ಟಿ) ಹೆಚ್ಚು ಹಾಕಿದರೆ ಆಯಿತು ಎನ್ನುತ್ತಾರೆ ಇಲ್ಲಿಯ ಗ್ಯಾರೇಜಿನವರು. ಹಾಕಿಸಲೇ?

ಉತ್ತರ (ಕುಮಟಾದ ಮೆಕ್ಯಾನಿಕ್ ನಾಯ್ಕರು):
ಹೆಗಡೆಯವರೇ, ತಡೆಯಿರಿ. ಪ್ಲೇಟ್ ಹಾಕಿದರೆ ಗಾಡಿ ಎತ್ತರವಾಗುತ್ತದೆ, ಅದರ ಹೊರುವ ಮಿತಿ ಎತ್ತರವಾಗುವುದಿಲ್ಲ. ಆಕ್ಸಲ್ (ಎರಡು ಗಾಲಿ ಜೋಡಿಸುವ ಅಚ್ಚು), ಬೇರಿಂಗ್, ಟೈರು, ಬ್ರೇಕು ಹಳೆಯವೇ. ಮೊದಲು ಟ್ಯಾಂಕು ತುಂಬಿದ ಗಾಡಿಯನ್ನು ವಾಹನ ತೂಗುವ ವೇ ಬ್ರಿಜ್ ಮೇಲೆ ನಿಲ್ಲಿಸಿ. ನೀರೇ 500 ಕಿಲೋ. ಟ್ಯಾಂಕು, ಪಂಪು, ಪೈಪು, ಇಬ್ಬರು ಆಳು ಬೇರೆ. ಬಂದ ತೂಕ ಕಂಪನಿ ಹೇಳಿದ ಒಟ್ಟು ತೂಕವನ್ನು ದಾಟಿದರೆ ಪ್ಲೇಟಿನ ಮಾತೇ ಬೇಡ, ಎರಡು ಸಲ ಓಡಾಡಿ.

ತೂಕ ಮಿತಿಯೊಳಗಿದ್ದೂ ತಗ್ಗುತ್ತಿದ್ದರೆ ಇರುವ ಪ್ಲೇಟುಗಳೇ ಸೋತಿರಬಹುದು. ಖಾಲಿ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಯ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ಒಂದು ಕಡೆ ಕಡಿಮೆ ಬಂದರೆ ಆ ಬದಿಯ ಸೆಟ್ ಬಿಚ್ಚಿಸಿ ನೋಡಿ. ಪ್ಲೇಟುಗಳನ್ನು ನಡುವೆ ಜೋಡಿಸುವ ಸೆಂಟರ್ ಬೋಲ್ಟಿನ ತೂತಿನ ಬಳಿ ಕೂದಲೆಳೆಯಂಥ ಬಿರುಕು ಇರುತ್ತದೆ, ತುಕ್ಕಿನ ಕೆಳಗೆ ಅಡಗಿರುವುದರಿಂದ ವೈರ್ ಬ್ರಷ್‌ನಿಂದ ಉಜ್ಜಿಸಿದರೆ ಮಾತ್ರ ಕಾಣುತ್ತದೆ. ಧಡ್ ಎನ್ನುವುದು ಆಕ್ಸಲ್ ಮೇಲೆದ್ದು ಚಾಸಿಸ್ಸಿನ (ಗಾಡಿಯ ಅಡಿಚೌಕಟ್ಟಿನ) ರಬ್ಬರ್ ಕಟ್ಟೆಗೆ ಬಡಿಯುವ ಸದ್ದು. ಆ ರಬ್ಬರ್ ಹರಿದಿದ್ದರೆ ಕಬ್ಬಿಣಕ್ಕೆ ಕಬ್ಬಿಣವೇ ಬಡಿಯುತ್ತಿದೆ.

ಇಷ್ಟಾದ ಮೇಲೂ ಬೇಕೆನಿಸಿದರೆ ಬದಿಗೊಂದೇ ಪ್ಲೇಟ್ ಹಾಕಿಸಿ, ಎರಡು ಬೇಡ. ಅದರ ಬಾಗು ಇರುವ ಸೆಟ್ಟಿಗೆ ಹೊಂದಬೇಕು. ಪ್ಲೇಟುಗಳನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟು ಹೊಸದೇ ಆಗಲಿ, ಉದ್ದವೂ ಸಾಕಷ್ಟಿರಲಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿಸಲೇಬೇಕು. ಜೊತೆಗೆ ಶಾಕ್ ಅಬ್ಸಾರ್ಬರ್ ಬದಲಿಸಿ. ಭಾರ ಹೊರುವುದು ಪ್ಲೇಟು, ಅದರ ಕುಣಿತ ನಿಲ್ಲಿಸುವುದು ಶಾಕ್. ಗಟ್ಟಿ ಪ್ಲೇಟಿಗೆ ಸೋತ ಶಾಕ್ ಜೋಡಿಸಿಕೊಂಡು ಮಳೆಯಲ್ಲಿ ಖಾಲಿ ಗಾಡಿ ಘಟ್ಟ ಇಳಿದರೆ, ತಿರುವಿನಲ್ಲಿ ಹಿಂಭಾಗ ಪುಟಿದು ಹೊರಕ್ಕೆ ಜಾರುತ್ತದೆ.

ಬಹಳ ಮೆಕ್ಯಾನಿಕರು ಬಿಡುವ ಒಂದು ವಿಷಯವಿದೆ. ಕೆಲವು ಹಳೆಯ ಜೀಪು, ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್ಸಿನ ಮೇಲಿರುವ ಒಂದು ವಾಲ್ವಿಗೆ ತೆಳುವಾದ ಸರಳು ಹೋಗಿರುತ್ತದೆ. ಗಾಡಿ ತಗ್ಗಿದಷ್ಟೂ ಅದು ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚು ಬಿಡುತ್ತದೆ. ಪ್ಲೇಟ್ ಹಾಕಿ ಎತ್ತರಿಸಿದಿರೋ, ಭಾರ ತುಂಬಿದ್ದರೂ ಗಾಡಿ ಖಾಲಿ ಎಂದೇ ಅದರ ಲೆಕ್ಕ. ಹಿಂದಿನ ಬ್ರೇಕು ಮಂದವಾಗುತ್ತದೆ, ಅದೂ ಬ್ರೇಕು ಹೆಚ್ಚು ಬೇಕಾದ ಹೊತ್ತಿಗೆ. ನಿಮ್ಮ ಗಾಡಿಗೆ ಸರಳು ಇದೆಯೇ ನೋಡಿಸಿ, ಇದ್ದರೆ ಪ್ಲೇಟ್ ಹಾಕಿದ ದಿನವೇ ಹೊಂದಿಸಿಕೊಡಲು ಹೇಳಿ.

ಟ್ರೇಲರಿನ ಲೆಕ್ಕ: 600 ಕಿಲೋ ಟ್ರೇಲರ್ ಎಂದರೆ ಕೊಕ್ಕೆಯ ಮೇಲೆ ಸುಮಾರು 60 ಕಿಲೋ ಕೂರಬೇಕು, ತೀರ ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಬೊಲೆರೊದ ಮುಂದಿನ-ಹಿಂದಿನ ಗಾಲಿಗಳ ಅಂತರ 2.68 ಮೀಟರ್. ಕೊಕ್ಕೆ ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದಿದ್ದರೆ ಆ 60 ಕಿಲೋ ಆಕ್ಸಲ್ ಮೇಲೆ ಸುಮಾರು 82 ಕಿಲೋ ಆಗುತ್ತದೆ, ಮುಂದಿನ ಗಾಲಿಗಳ ಮೇಲಿನ ಭಾರ 22 ಕಿಲೋ ಕಡಿಮೆಯಾಗುತ್ತದೆ. ಸ್ಟಿಯರಿಂಗ್ ಹಗುರವೆನಿಸುವುದು ಅದಕ್ಕೇ. ಕೊಕ್ಕೆಯನ್ನು ಬಂಪರಿಗೆ ಬೆಸುಗೆ ಹಾಕುವವರಿದ್ದಾರೆ, ಅವರ ಹತ್ತಿರ ಹೋಗಬೇಡಿ. ಅದು ಚಾಸಿಸ್ಸಿಗೆ ಬೋಲ್ಟಿನಿಂದ ಕೂರಬೇಕು.

ಪ್ರಶ್ನೆ (ಅಂಕೋಲಾ, ಅಡುಗೆ ಕಾಂಟ್ರ್ಯಾಕ್ಟ್ ಮಾಡುವವರು):
ಅಣ್ಣ, ನಮ್ಮದು ಎರ್ಟಿಗಾ. ಮದುವೆ ಮನೆಗೆ ಪಾತ್ರೆ, ಅಕ್ಕಿ ಒಯ್ಯುತ್ತೇವೆ. ಸ್ಪ್ರಿಂಗಿನ ಸುರುಳಿಗಳ ನಡುವೆ ತೂರಿಸುವ ರಬ್ಬರ್ ಬಫರ್ ಆಗುತ್ತದೆಯೇ?

ಉತ್ತರ:
ಅಕ್ಕ, ಅಪರೂಪಕ್ಕೊಮ್ಮೆ ಭಾರವಾದರೆ ಅದೂ ಬೇಡ. ಬಫರ್ ಕೂತ ಕಡೆ ಸುರುಳಿ ಕೆಲಸ ನಿಲ್ಲಿಸುತ್ತದೆ, ಅದರ ಪಾಲನ್ನೂ ಉಳಿದ ಸುರುಳಿಗಳೇ ಹೊರಬೇಕು. ಹಾಕಿಸಲೇಬೇಕೆಂದರೆ ಎರಡೂ ಬದಿ ಒಂದೇ ಅಳತೆಯದು ಹಾಕಿಸಿ. ನಮ್ಮ ಕರಾವಳಿಯಲ್ಲಿ ರಬ್ಬರಿನಡಿ ಉಪ್ಪು, ಕೆಸರು ನಿಂತು ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಮಳೆಗಾಲ ಮುಗಿದ ಕೂಡಲೇ ತೆಗೆದು ತೊಳೆಸಿ. ಅದಕ್ಕಿಂತ ಹಿಂದಿನ ಸೀಟು ಮಡಚಿ, ಅಕ್ಕಿ ಮೂಟೆಯನ್ನು ನಡುವಿನ ಸೀಟಿನ ಬೆನ್ನಿಗೆ ಒತ್ತಿ ಇಡಿ. ಡಿಕ್ಕಿ ಬಾಗಿಲ ಬಳಿ ಖಾಲಿ ಪಾತ್ರೆ ಸಾಕು. ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಪ್ರಶ್ನೆ (ಕಾರವಾರ):
ಟ್ರೇಲರ್ ಕಟ್ಟಿದರೆ, ಗಾಡಿ ಬದಲಿಸಿದರೆ, ಭಾರ ಹೆಚ್ಚು ಹೇರಿದರೆ ಪೊಲೀಸರು, ಆರ್‌ಟಿಒ ಹಿಡಿಯುತ್ತಾರೆಯೇ?

ಉತ್ತರ:
1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು. ಆರ್‌ಸಿಯಲ್ಲಿರುವ ವಿವರ ಕಂಪನಿಯ ನಮೂನೆಗೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು 52ನೇ ಕಲಂ ತಡೆಯುತ್ತದೆ. ಮಿತಿಮೀರಿದ ಭಾರಕ್ಕೆ 194ನೇ ಕಲಂನಡಿ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

ಪ್ರಶ್ನೆ (ಶಿರಸಿಯ ಹೆಗಡೆಯವರು):
ಟ್ಯಾಂಕು ಅರ್ಧ ತುಂಬಿಸಿದರೆ ಭಾರ ಕಡಿಮೆಯಲ್ಲವೇ?

ಉತ್ತರ:
ತೂಕ ಕಡಿಮೆ, ಕಾಟ ಹೆಚ್ಚು. ಅರ್ಧ ಟ್ಯಾಂಕಿನ ನೀರು ಪ್ರತಿ ತಿರುವಿನಲ್ಲೂ ಒಂದು ಬದಿಗೆ ನುಗ್ಗುತ್ತದೆ. ಟ್ಯಾಂಕನ್ನು ಖಾಲಿ ಒಯ್ದು ತೋಟದ ನೀರಿನಲ್ಲೇ ದ್ರಾವಣ ಕಲಸಿ. ಘಟ್ಟ ಇಳಿಯುವಾಗ ಬ್ರೇಕಿನ ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ತಾನಾಗಿ ಆರಲು ಬಿಡಿ. ಬಿಸಿ ಡ್ರಮ್ಮಿಗೆ ನೀರು ಸುರಿದರೆ ಸೀಳುತ್ತದೆ.