44ರ ವಯಸ್ಸಿನಲ್ಲಿ ಅತಿಯಾದ ಮುಟ್ಟಿನ ಸ್ರಾವ: ಗರ್ಭಕೋಶ ತೆಗೆಸುವುದೊಂದೇ ದಾರಿಯೇ?

ಪ್ರಶ್ನೆ: ಒಬ್ಬ ಶಿಕ್ಷಕಿ, ಶಿರಸಿ

ನನಗೆ 44 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎರಡು ಹೆರಿಗೆಗಳೂ ಸಹಜವಾಗಿ ಆಗಿದ್ದವು. ಕಳೆದ ವರ್ಷದವರೆಗೂ ಮುಟ್ಟು ತಿಂಗಳು ತಿಂಗಳು ಸರಿಯಾಗಿಯೇ ಬರುತ್ತಿತ್ತು. ಈಗ ಒಮ್ಮೆ ಇಪ್ಪತ್ತು ದಿನಕ್ಕೇ ಬರುತ್ತದೆ, ಇನ್ನೊಮ್ಮೆ ಎರಡು ತಿಂಗಳು ಬಾರದೆ, ಬಂದ ಮೇಲೆ ಹತ್ತು-ಹನ್ನೆರಡು ದಿನ ನಿಲ್ಲುವುದೇ ಇಲ್ಲ. ಮೊದಲ ಮೂರು ದಿನ ಎರಡು ದೊಡ್ಡ ಪ್ಯಾಡ್‌ಗಳನ್ನು ಒಟ್ಟಿಗೆ ಇಟ್ಟುಕೊಂಡರೂ ಒಂದು ತರಗತಿ ಮುಗಿಯುವಷ್ಟರಲ್ಲಿ ಬದಲಿಸಬೇಕಾಗುತ್ತದೆ. ಹೆಪ್ಪುಗಟ್ಟಿದ ರಕ್ತವೂ ಹೋಗುತ್ತದೆ. ಆ ದಿನಗಳಲ್ಲಿ ಕಡುಬಣ್ಣದ ಸೀರೆಯನ್ನೇ ಉಡುತ್ತೇನೆ; ಬೋರ್ಡಿನ ಕಡೆ ತಿರುಗಲು ಹಿಂಜರಿಯುವಂತಾಗಿದೆ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಇದೆ. ಸ್ಕ್ಯಾನಿಂಗ್ ವರದಿಯಲ್ಲಿ ಗರ್ಭಕೋಶದ ಹೊರಗೋಡೆಯ ಕಡೆ 2.5 ಸೆಂ.ಮೀ. ಫೈಬ್ರಾಯ್ಡ್ ಗಡ್ಡೆ ಇದೆಯೆಂದೂ ಒಳಪದರದ ದಪ್ಪ 14 ಮಿ.ಮೀ. ಎಂದೂ ಬರೆದಿದ್ದಾರೆ. ತೋರಿಸಿದ ಆಸ್ಪತ್ರೆಯಲ್ಲಿ ವರದಿ ನೋಡಿದ ಕೂಡಲೇ, ‘ಮಕ್ಕಳಾಗಿವೆಯಲ್ಲ, ಇನ್ನೇಕೆ ಇಟ್ಟುಕೊಳ್ಳುತ್ತೀರಿ, ಮುಂದೆ ಕ್ಯಾನ್ಸರ್ ಆದರೂ ಆಗಬಹುದು, ಗರ್ಭಕೋಶ ಮತ್ತು ಅಂಡಾಶಯ ಎರಡನ್ನೂ ತೆಗೆದುಬಿಡೋಣ’ ಎಂದು ಮುಂದಿನ ವಾರಕ್ಕೆ ದಿನ ಗೊತ್ತುಮಾಡಿದ್ದಾರೆ. ನಮ್ಮ ದೊಡ್ಡಮ್ಮನಿಗೆ ಮೂವತ್ತಾರರಲ್ಲಿ ಹೀಗೆಯೇ ಎಲ್ಲವನ್ನೂ ತೆಗೆದಿದ್ದರು. ಅರವತ್ತು ತುಂಬುವ ಮೊದಲೇ ಅವರ ಬೆನ್ನು ಬಾಗಿತು, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ಶಸ್ತ್ರಚಿಕಿತ್ಸೆಯಲ್ಲದೆ ಬೇರೆ ಉಪಾಯವಿದೆಯೇ? ತಿಳಿದವರು ದಯವಿಟ್ಟು ಹೇಳಿ.

ಇನ್ನೊಂದು ಸಣ್ಣ ವಿಷಯ. ನನ್ನ ಅಮ್ಮನಿಗೆ 67 ವರ್ಷ. ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಈಗ ಎರಡು ಸಲ ಒಳಲಂಗಕ್ಕೆ ರಕ್ತದ ಕಲೆ ಅಂಟಿದೆಯಂತೆ. ಉಷ್ಣವಾಗಿರಬೇಕೆಂದು ಅವರು ಸುಮ್ಮನಿದ್ದಾರೆ. ಏನಾದರೂ ಪಥ್ಯ ಹೇಳಬಹುದೇ?

ಉತ್ತರ 1: ಸ್ತ್ರೀರೋಗ ತಜ್ಞೆ, ಮೈಸೂರು

ಮೇಡಂ, ನೀವು ‘ಸಣ್ಣ ವಿಷಯ’ ಎಂದು ಕೊನೆಯಲ್ಲಿ ಬರೆದದ್ದನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಒಂದು ವರ್ಷ ಪೂರ್ತಿ ಮುಟ್ಟು ಬಾರದಿದ್ದರೆ ಅದನ್ನು ಋತುಬಂಧವೆನ್ನುತ್ತೇವೆ. ಅದಾದ ಮೇಲೆ ಕಾಣುವ ರಕ್ತ ಒಂದೇ ಹನಿಯಾದರೂ, ಒಂದೇ ಸಲವಾದರೂ, ಪರೀಕ್ಷೆ ಆಗಲೇಬೇಕು. ಪಥ್ಯದ ಮಾತು ಇಲ್ಲಿ ಬೇಡ. ಇಂಥವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಈಸ್ಟ್ರೋಜನ್ ಕಡಿಮೆಯಾಗಿ ಯೋನಿಯ ಮತ್ತು ಗರ್ಭಕೋಶದ ಪದರ ತೆಳುವಾಗಿ ಒಣಗುವುದು, ಪಾಲಿಪ್ ಎಂಬ ಸಣ್ಣ ಮಾಂಸದ ಕುಡಿ ಬೆಳೆಯುವುದು, ಇವೇ ಹೆಚ್ಚಿನ ಕಾರಣಗಳು. ಆದರೆ ಉಳಿದ ಆ ಒಬ್ಬರಿಗೆ ಗರ್ಭಕೋಶದ ಕ್ಯಾನ್ಸರ್ ಕೊಡುವ ಮೊದಲ ಸೂಚನೆ ಇದೇ ಆಗಿರುತ್ತದೆ, ಮತ್ತು ಆ ಹಂತದಲ್ಲಿ ಸಿಕ್ಕರೆ ಬಹುತೇಕ ಗುಣವಾಗುತ್ತದೆ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಒಳಪದರ 4 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿದ್ದರೆ ಸಾಮಾನ್ಯವಾಗಿ ನಿಶ್ಚಿಂತೆ. ದಪ್ಪವಿದ್ದರೆ, ಇಲ್ಲವೇ ರಕ್ತ ಮತ್ತೆ ಮತ್ತೆ ಕಂಡರೆ, ಒಳಪದರದ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಜೊತೆಗೆ ಗರ್ಭಕಂಠವನ್ನೂ ಕಣ್ಣಾರೆ ನೋಡಬೇಕು. ಅವರನ್ನು ಈ ವಾರವೇ ಕರೆದೊಯ್ಯಿರಿ.

ಇನ್ನು ನಿಮ್ಮ ವಿಷಯ. ನಲವತ್ತು ದಾಟಿದ ಮೇಲೆ ಅಂಡಾಶಯದಲ್ಲಿ ಉಳಿದಿರುವ ಅಂಡಗಳು ಕಡಿಮೆಯಾಗುತ್ತಾ ಬಂದು, ಕೆಲವು ತಿಂಗಳು ಅಂಡ ಬಿಡುಗಡೆಯಾಗುವುದೇ ಇಲ್ಲ. ಅಂಡ ಹೊರಬಂದ ಮೇಲಷ್ಟೇ ಪ್ರೊಜೆಸ್ಟರೋನ್ ಚೆನ್ನಾಗಿ ಉತ್ಪತ್ತಿಯಾಗುವುದರಿಂದ, ಆ ತಿಂಗಳುಗಳಲ್ಲಿ ಈಸ್ಟ್ರೋಜನ್ ಒಂದೇ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಾ ಹೋಗುತ್ತದೆ. ಅದನ್ನು ಹಿಡಿದಿಟ್ಟು, ಕಾಲಕ್ಕೆ ಸರಿಯಾಗಿ ಕಳಚಿಸುವ ಇನ್ನೊಂದು ಹಾರ್ಮೋನು ಇರುವುದಿಲ್ಲ. ಕೊನೆಗೆ ಪದರ ತುಂಡುತುಂಡಾಗಿ, ದಿನಗಟ್ಟಲೆ ಕಳಚುತ್ತದೆ. ಎರಡು ತಿಂಗಳು ಬಾರದೆ ಆಮೇಲೆ ಹನ್ನೆರಡು ದಿನ ಹೋಗುವುದು ಈ ಬಗೆಯ ಸ್ರಾವಕ್ಕೆ ಹೊಂದುವ ಚಿತ್ರ. ಹೊಂದುತ್ತದೆ ಎನ್ನುವುದಕ್ಕೂ ಅದೇ ಕಾರಣವೆಂದು ಖಚಿತಪಡಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಪಾಲಿಪ್, ಅಡಿನೋಮಯೋಸಿಸ್ (ಒಳಪದರದ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವುದು), ಫೈಬ್ರಾಯ್ಡ್, ಒಳಪದರದ ಅತಿಬೆಳವಣಿಗೆ, ಥೈರಾಯ್ಡ್ ತೊಂದರೆ, ರಕ್ತ ಹೆಪ್ಪುಗಟ್ಟುವುದರಲ್ಲಿನ ದೋಷ, ಸೇವಿಸುತ್ತಿರುವ ಬೇರೆ ಔಷಧಗಳು, ಇವೆಲ್ಲ ಪಟ್ಟಿಯಲ್ಲಿರುತ್ತವೆ. ಈ ವಯಸ್ಸಿನಲ್ಲಿಯೂ ಗರ್ಭಧಾರಣೆಯ ಪರೀಕ್ಷೆಯನ್ನು ನಾವು ಬಿಡುವುದಿಲ್ಲ. ನಗಬೇಡಿ, ಅದರಿಂದ ಕಾರಣ ಗೊತ್ತಾದವರೂ ಇದ್ದಾರೆ.

ವರದಿಯ ಎರಡು ಅಂಶಗಳಿಗೆ ಹೆದರಬೇಕಾಗಿಲ್ಲ. ಮುಟ್ಟಾಗುವ ಹೆಂಗಸಿನ ಒಳಪದರ ದಿನದಿಂದ ದಿನಕ್ಕೆ ಬದಲಾಗುತ್ತದೆ. ಮುಟ್ಟು ಬರುವ ಮುಂಚಿನ ದಿನಗಳಲ್ಲಿ 14 ಮಿ.ಮೀ. ಇರುವುದು ಸಹಜವೂ ಆಗಿರಬಹುದು. ನಿಮ್ಮ ತಾಯಿಗೆ ಹೇಳಿದ 4 ಮಿ.ಮೀ. ಅಳತೆ ನಿಮಗೆ ಅನ್ವಯಿಸುವುದಿಲ್ಲ. ಫೈಬ್ರಾಯ್ಡ್ ಎಷ್ಟು ದೊಡ್ಡದು ಎಂಬುದಕ್ಕಿಂತ ಎಲ್ಲಿದೆ ಎಂಬುದೇ ಮುಖ್ಯ: ಒಳಪದರಕ್ಕೆ ಚಾಚಿಕೊಂಡ ಒಂದು ಸೆಂಟಿಮೀಟರ್ ಗಡ್ಡೆ ರಕ್ತ ಹರಿಸೀತು, ಹೊರಗೋಡೆಯ ಕಡೆಗಿರುವ 2.5 ಸೆಂ.ಮೀ. ಗಡ್ಡೆ ಸ್ರಾವಕ್ಕೆ ಕಾರಣವಾಗದೆಯೂ ಇರಬಹುದು. ಫೈಬ್ರಾಯ್ಡ್ ಕ್ಯಾನ್ಸರ್ ಆಗುತ್ತದೆಂಬ ಭಯಕ್ಕೆ ಆಧಾರ ತೀರ ಕಡಿಮೆ.

ಆಗಬೇಕಾಗಿದ್ದು, ಆಗದೆ ಉಳಿದದ್ದು ಒಳಪದರದ ಬಯಾಪ್ಸಿ. ತೆಳುವಾದ ಕೊಳವೆಯನ್ನು ಒಳಬಿಟ್ಟು ಸ್ವಲ್ಪ ಪದರ ತೆಗೆಯುತ್ತಾರೆ. ಹಲವೆಡೆ ಹೊರರೋಗಿ ವಿಭಾಗದಲ್ಲಿಯೇ ಆಗುತ್ತದೆ, ಮುಟ್ಟಿನ ನೋವಿನಂಥ ನೋವು ಕೆಲ ನಿಮಿಷ ಇರುತ್ತದೆ. ಅಸಹಜ ಕಣಗಳಿಲ್ಲದ ಬರೀ ಅತಿಬೆಳವಣಿಗೆ ಇದ್ದರೆ ಪ್ರೊಜೆಸ್ಟರೋನ್ ಬಗೆಯ ಔಷಧದಿಂದಲೇ ಸಾಮಾನ್ಯವಾಗಿ ಸರಿಹೋಗುತ್ತದೆ. ಅಸಹಜ ಕಣಗಳಿದ್ದರೆ, ಮಕ್ಕಳು ಬೇಕೆನ್ನದವರಿಗೆ ಗರ್ಭಕೋಶ ತೆಗೆಯುವುದೇ ಸರಿಯಾದ ಸಲಹೆ. ಆಗ ನಾನೂ ಅದನ್ನೇ ಹೇಳುತ್ತೇನೆ. ಈ ವರದಿ ಬಾರದೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವುದು ನನಗೆ ಒಪ್ಪಿಗೆಯಾಗದು. ಒಳಗೆ ಕ್ಯಾನ್ಸರ್ ಇದ್ದರೆ ಮಾಡುವ ಆಪರೇಷನ್ನೇ ಬೇರೆ, ಇಲ್ಲದಿದ್ದರೆ ಆಪರೇಷನ್ ಬೇಕಾಗದೆಯೂ ಇರಬಹುದು.

ಕ್ಯಾನ್ಸರ್ ಇಲ್ಲವೆಂದಾದರೆ ಉಪಾಯಗಳು ಹಲವು. ಸ್ರಾವದ ದಿನಗಳಲ್ಲಷ್ಟೇ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಹರಿವನ್ನು ಸುಮಾರು ಅರ್ಧದಷ್ಟು ತಗ್ಗಿಸಬಲ್ಲದು. ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹಿಂದೆ ಹೆಪ್ಪುಗಟ್ಟಿದ್ದವರಿಗೆ ಅದು ಸಲ್ಲದು. ಪ್ರೊಜೆಸ್ಟರೋನ್ ಬಗೆಯ ಮಾತ್ರೆಗಳಿವೆ. ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಗರ್ಭಕೋಶದೊಳಗೆ ಇಡುವ ಹಾರ್ಮೋನು ವಂಕಿ: ಲಿವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟರೋನ್ ಬಗೆಯ ಹಾರ್ಮೋನು 52 ಮಿ.ಗ್ರಾಂ. ಇರುವ ಈ ಸಾಧನ ಪ್ರತಿದಿನ ಅತ್ಯಲ್ಪ ಪ್ರಮಾಣದಲ್ಲಿ ಅದನ್ನು ಒಳಪದರಕ್ಕೆ ನೇರವಾಗಿ ಬಿಡುತ್ತಾ, ಕನಿಷ್ಠ ಐದು ವರ್ಷ ಕೆಲಸ ಮಾಡುತ್ತದೆ. ಪಾಲಿಪ್ ಇದ್ದರೆ ಹಿಸ್ಟರೋಸ್ಕೋಪಿಯಿಂದ, ಅಂದರೆ ಗರ್ಭಕೋಶದೊಳಗೆ ತೆಳು ದುರ್ಬೀನು ಬಿಟ್ಟು ನೋಡುತ್ತಾ, ಅದೊಂದನ್ನೇ ತೆಗೆಯಬಹುದು.

ಹಿಮೋಗ್ಲೋಬಿನ್ 8.4 ಇರುವಾಗ ತುರ್ತಿಲ್ಲದ ಆಪರೇಷನ್‌ಗೆ ಅವಸರಪಡುವುದೂ ಸರಿಯಲ್ಲ. ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆಯೆಂದು ತೋರಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾ, ಹಾಲಿನೊಡನೆ ತೆಗೆದುಕೊಳ್ಳಬೇಡಿ. ಅವು ಅದನ್ನು ಹೀರಿಕೊಳ್ಳಲು ಬಿಡುವುದಿಲ್ಲ. ನಿಂಬೆ ಪಾನಕದೊಡನೆ, ಆದಷ್ಟು ಖಾಲಿ ಹೊಟ್ಟೆಯಲ್ಲಿ ಒಳ್ಳೆಯದು. ಹೊಟ್ಟೆ ಕೆಡುತ್ತದೆಂದು ಅರ್ಧಕ್ಕೇ ಬಿಡುವವರೇ ಹೆಚ್ಚು. ದಿನ ಬಿಟ್ಟು ದಿನ ತೆಗೆದುಕೊಳ್ಳುವುದನ್ನು ವೈದ್ಯರೊಡನೆ ಕೇಳಿ, ಅದೂ ಸಾಲದಿದ್ದರೆ ನರದ ಮೂಲಕ ಕೊಡುವ ಕಬ್ಬಿಣದ ಚುಚ್ಚುಮದ್ದಿದೆ. ಒಂದು ಗಂಟೆಗೊಂದು ಪ್ಯಾಡ್‌ನಂತೆ ಸತತವಾಗಿ ತೊಯ್ದು, ತಲೆ ಸುತ್ತಿದರೆ ಅಥವಾ ಎದೆ ಬಡಿತ ಹೆಚ್ಚಿದರೆ ಆ ಹೊತ್ತೇ ಆಸ್ಪತ್ರೆಗೆ ಹೋಗಿ.

ಅಂಡಾಶಯದ ವಿಚಾರ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನು ನಿಲ್ಲುವುದಿಲ್ಲ. ಅಂಡಾಶಯಗಳನ್ನೂ ತೆಗೆದರೆ, ವರ್ಷಗಟ್ಟಲೆಯಲ್ಲಿ ನಿಧಾನವಾಗಿ ಇಳಿಯಬೇಕಾದ ಈಸ್ಟ್ರೋಜನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ದೆಗೇಡು ಒಮ್ಮೆಗೇ ಶುರುವಾಗುತ್ತವೆ. ಅದಕ್ಕಿಂತ ದೊಡ್ಡದು ಕಣ್ಣಿಗೆ ಕಾಣದ ನಷ್ಟ: ಮೂಳೆ ಬೇಗ ಸವೆಯುತ್ತದೆ, ಹೃದಯರೋಗದ ಸಾಧ್ಯತೆ ಏರುತ್ತದೆ. 45ಕ್ಕಿಂತ ಮುಂಚೆ ತೆಗೆದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಈಸ್ಟ್ರೋಜನ್ ಕೊಡಬೇಕೆಂಬುದು ಒಪ್ಪಿತ ಕ್ರಮ. ನಿಮ್ಮ ದೊಡ್ಡಮ್ಮನ ಮೂಳೆ ಮುರಿದದ್ದಕ್ಕೆ ಅದೊಂದೇ ಕಾರಣವೆಂದು ದೂರದಿಂದ ಹೇಳಲಾರೆ, ಆದರೆ ನೀವು ಕೇಳಿದ ಸಂಬಂಧ ನಿಜವಾದದ್ದು. ತಾಯಿ, ಅಕ್ಕತಂಗಿಯರಲ್ಲಿ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಇದ್ದರೆ ಲೆಕ್ಕ ಬೇರೆಯಾಗುತ್ತದೆ; ಅದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ.

ಉತ್ತರ 2: ದಾವಣಗೆರೆಯ ಓದುಗರೊಬ್ಬರು

ನಾನು ಹಾರ್ಮೋನು ವಂಕಿ ಹಾಕಿಸಿಕೊಂಡವಳು. ಇದನ್ನು ಕಾಪರ್-ಟಿ ಎಂದು ತಿಳಿದು ಬೇಡವೆನ್ನುವವರು ನಮ್ಮ ಓಣಿಯಲ್ಲಿಯೇ ಹಲವರಿದ್ದಾರೆ. ತಾಮ್ರದ ವಂಕಿಯಿಂದ ಸ್ರಾವ ಹೆಚ್ಚಾಗಬಹುದು, ಇದರಿಂದ ಕಡಿಮೆಯಾಗುತ್ತದೆ; ಆಕಾರವೊಂದೇ ಎಂಬುದನ್ನು ಬಿಟ್ಟರೆ ಇವೆರಡರ ಕೆಲಸ ತದ್ವಿರುದ್ಧ. ಆದರೆ ಹಾಕಿಸಿದ ಮರುತಿಂಗಳೇ ಬಿಡುಗಡೆ ಎಂದುಕೊಳ್ಳಬೇಡಿ. ಮೊದಲ ಕೆಲವು ತಿಂಗಳು ದಿನ ಬಿಟ್ಟು ದಿನ ಕಲೆ ಕಲೆಯಾಗಿ ಕಾಣಿಸಿಕೊಂಡು, ತೆಗೆಸಿಬಿಡೋಣವೆನ್ನುವಷ್ಟು ಬೇಸರ ಹಿಡಿಸಿತು. ಮೂರರಿಂದ ಆರು ತಿಂಗಳು ಹೀಗಿರುತ್ತದೆಂದು ಮೊದಲೇ ಹೇಳಿದ್ದ ನರ್ಸ್ ಅಕ್ಕನಿಂದಾಗಿ ತಡೆದುಕೊಂಡೆ. ಈಗ ಮುಟ್ಟು ಬಂದರೂ ಒಂದು ತೆಳು ಪ್ಯಾಡ್ ಸಾಕು. ಬೆಲೆ ಮಾತ್ರೆಗಿಂತ ಜಾಸ್ತಿಯೇ. ವರ್ಷಗಳಿಗೆ ಹಂಚಿ ನೋಡಿದರೆ ದುಬಾರಿಯೆನಿಸಲಿಲ್ಲ. ಹಾಕುವಾಗ ನೋವಾಗುವುದಿಲ್ಲ ಎನ್ನುವವರ ಮಾತು ನಂಬಬೇಡಿ, ನೋವಿನ ಮಾತ್ರೆ ಮೊದಲೇ ಕೇಳಿ ತೆಗೆದುಕೊಳ್ಳಿ.

ಉತ್ತರ 3: ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಗರ್ಭಕೋಶ ತೆಗೆಸುವುದೆಂದರೆ ಮೋಸಹೋದಂತೆ ಎಂಬ ಧಾಟಿ ಇಲ್ಲಿ ಬೆಳೆಯಬಾರದೆಂದು ಬರೆಯುತ್ತಿದ್ದೇನೆ. ನನಗೆ ಅಡಿನೋಮಯೋಸಿಸ್ ಇತ್ತು, ಅಂದರೆ ಒಳಪದರದ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೇ ಬೆಳೆದು, ಗರ್ಭಕೋಶ ಊದಿಕೊಂಡಿತ್ತು. ಮಾತ್ರೆ, ಹಾರ್ಮೋನು ವಂಕಿ ಎಲ್ಲವನ್ನೂ ನೋಡಿಯಾಗಿತ್ತು. ನೋವಿಗೆ ತಿಂಗಳಿನ ಅರ್ಧ ಭಾಗ ಹೋಗುತ್ತಿತ್ತು. ಬಯಾಪ್ಸಿಯಾಗಿ, ಎರಡನೆಯ ವೈದ್ಯರ ಅಭಿಪ್ರಾಯವನ್ನೂ ಕೇಳಿ, 46ರಲ್ಲಿ ಲ್ಯಾಪರೋಸ್ಕೋಪಿಯಿಂದ ತೆಗೆಸಿದೆ. ಅಂಡಾಶಯ ಉಳಿಸಿದ್ದಾರೆ. ಆರು ವಾರ ಭಾರ ಎತ್ತಬಾರದೆಂಬುದನ್ನು ಮನೆಯವರಿಗೆ ಒಪ್ಪಿಸಿದ್ದೇ ದೊಡ್ಡ ಕೆಲಸ. ಉಳಿದಂತೆ ನನಗೆ ಪಶ್ಚಾತ್ತಾಪವಿಲ್ಲ.

ಸಹಿ ಹಾಕುವ ಕಾಗದವನ್ನು ಮಾತ್ರ ಓದಿ. ‘ಟಿ.ಎ.ಎಚ್.’ ಎಂದರೆ ಹೊಟ್ಟೆ ಕೊಯ್ದು ಗರ್ಭಕೋಶವನ್ನು ಗರ್ಭಕಂಠ ಸಮೇತ ತೆಗೆಯುವುದು. ಅದರ ಮುಂದೆ ‘ಬಿ.ಎಸ್.ಒ.’ ಎಂಬ ಮೂರಕ್ಷರವಿದ್ದರೆ ಎರಡೂ ಕಡೆಯ ಅಂಡನಾಳ ಮತ್ತು ಅಂಡಾಶಯಗಳೂ ಹೋಗುತ್ತವೆ ಎಂದರ್ಥ. ನನ್ನ ಕಾಗದದಲ್ಲಿ ಅದನ್ನು ಮೊದಲೇ ಅಚ್ಚು ಹಾಕಿದ್ದರು. ನಾನು ಕೇಳಿದ ಮೇಲೆ ಹೊಡೆದುಹಾಕಿ, ‘ಅಂಡಾಶಯ ಉಳಿಸುವುದು, ನಾಳ ಮಾತ್ರ ತೆಗೆಯುವುದು’ ಎಂದು ಕೈಬರಹದಲ್ಲಿ ಬರೆದರು. ನಾಳಗಳನ್ನು ತೆಗೆದರೆ ಮುಂದೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಕಡಿಮೆಯಾಗುತ್ತದೆಯಂತೆ, ಅದಕ್ಕೆ ನಾನು ಒಪ್ಪಿದೆ.

ಉತ್ತರ 4: ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ಕಲಬುರಗಿ

ಬ್ಯಾಂಕಿನ ತಂಗಿ ಹೇಳಿದ್ದು ಸರಿ, ಆದರೆ ಕಾಗದ ಓದಿ ಪ್ರಶ್ನಿಸುವ ಅವಕಾಶ ಎಲ್ಲರಿಗೂ ಇರುವುದಿಲ್ಲ. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಮೂವತ್ತು ದಾಟದ ಹೆಣ್ಣುಮಕ್ಕಳು ಬಿಳಿ ಸೆರಗು, ಸೊಂಟನೋವು ಎಂದು ಹೋಗಿ ಗರ್ಭಕೋಶ ಕಳೆದುಕೊಂಡು ಬಂದದ್ದು, ಆಮೇಲೆ ಆ ಲಂಬಾಣಿ ಮಹಿಳೆಯರೇ ಬೀದಿಗಿಳಿದು ಹೋರಾಡಿದ್ದು ಈ ಭಾಗದವರಿಗೆಲ್ಲ ಗೊತ್ತು. ಬಿಳಿ ಸೆರಗಿಗೆ ಬಹುಪಾಲು ಬೇಕಾಗಿದ್ದದ್ದು ಸೋಂಕಿನ ಮಾತ್ರೆ, ಗಂಡನಿಗೂ ಹೆಂಡತಿಗೂ. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಂಗಸರ ಕಥೆಯೂ 2019ರಲ್ಲಿ ಹೀಗೆಯೇ ಹೊರಬಿತ್ತು; ಅಲ್ಲಿ ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿ ಹೋಗಿ ದಂಡವೂ ಬೀಳುತ್ತಿತ್ತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅದನ್ನು ಅಳವಡಿಸಿಕೊಳ್ಳಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶಿಕ್ಷಕಿಯವರೇ, ನಿಮ್ಮ ವಯಸ್ಸು, ಓದು ಎರಡೂ ಆ ಹೆಣ್ಣುಮಕ್ಕಳಿಗಿಂತ ಹೆಚ್ಚು. ಆದರೂ ನಿಮಗೆ ಹೇಳಿದ ಮಾತು ‘ಮಕ್ಕಳಾಗಿವೆಯಲ್ಲ’ ಎಂಬುದೇ. ಅವರಿಗೂ ಅದನ್ನೇ ಹೇಳುತ್ತಿದ್ದರು.

ಮೂಲ ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ವಾರದ ಆಪರೇಷನ್ ದಿನವನ್ನು ಮುಂದೂಡಿದ್ದೇನೆ. ಬಯಾಪ್ಸಿಗೆ ಮತ್ತು ಥೈರಾಯ್ಡ್ ಪರೀಕ್ಷೆಗೆ ಬೇರೆ ಕಡೆ ಬರೆಸಿದ್ದೇನೆ. ಅಮ್ಮನನ್ನು ನಾಳೆ ಬೆಳಿಗ್ಗೆ ಕರೆದೊಯ್ಯುತ್ತೇನೆ, ಆದರೆ ‘ಈ ವಯಸ್ಸಿನಲ್ಲಿ ಒಳಗಿನ ಪರೀಕ್ಷೆ ಮಾಡಿಸಿಕೊಳ್ಳಲಾರೆ’ ಎನ್ನುತ್ತಿದ್ದಾರೆ. ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿಂಗ್ ಸಾಲದೇ?

ಉತ್ತರ 1ರ ತಜ್ಞೆ

ಏನೂ ಮಾಡದಿರುವುದಕ್ಕಿಂತ ಅದು ಮೇಲು, ಆದರೆ 4 ಮಿ.ಮೀ. ಅಳತೆಯನ್ನು ನಂಬುವಷ್ಟು ಸ್ಪಷ್ಟವಾಗಿ ಹೊಟ್ಟೆಯ ಮೇಲಿನಿಂದ ಕಾಣುವುದಿಲ್ಲ. ಮಹಿಳಾ ವೈದ್ಯರೇ ಬೇಕೆಂದು ಕೇಳಿ. ನೀವು ಪಕ್ಕದಲ್ಲಿ ನಿಲ್ಲಲು ಬಿಡುತ್ತಾರೆ. ವಯಸ್ಸಾದವರಿಗೆ ಚಿಕ್ಕ ಗಾತ್ರದ ಉಪಕರಣ ಬಳಸುವುದು ರೂಢಿ, ಹಾಗೆ ಮಾಡಿರೆಂದು ಹೇಳುವುದರಲ್ಲಿ ಸಂಕೋಚ ಬೇಡ. ರಕ್ತ ಕಂಡ ಎರಡು ದಿನಾಂಕ, ಅವರು ತೆಗೆದುಕೊಳ್ಳುವ ಮಾತ್ರೆಗಳು, ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದು, ಸಕ್ಕರೆ ಕಾಯಿಲೆ ಇದೆಯೇ ಇಲ್ಲವೇ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.