ವಾರಾಂತ್ಯದ ಪಾರ್ಟಿಗೆ ಇಡೀ ಶಾಲೆ ಯಾಕೆ ಮುಚ್ಚಬೇಕಿತ್ತು?

ಪ್ರಶ್ನೆ: 2020ರಲ್ಲಿ, ಕೋವಿಡ್ ಹೊತ್ತಿನಲ್ಲಿ, ಅಮೆರಿಕದ ಹಲವು ಖಾಸಗಿ ಶಾಲೆಗಳು ಮಾಸ್ಕ್, ಅಂತರ ಪಾಲಿಸಿ ಬಾಗಿಲು ತೆರೆದಿದ್ದವು. ಶಾಲೆಯ ಹೊರಗೆ ಮಕ್ಕಳು ಮಾಡಿದ ಒಂದು ಪಾರ್ಟಿಗೆ ಪೂರ್ತಿ ಹೈಸ್ಕೂಲು ಆನ್‌ಲೈನ್ ಆಗುತ್ತಿತ್ತು. ಹೋದವರನ್ನಷ್ಟೇ ಮನೆಯಲ್ಲಿ ಕೂರಿಸಿದರೆ ಸಾಲದಿತ್ತೇ?

ಉತ್ತರ 1: ಹೋದವರ ಪಟ್ಟಿ ಪೂರ್ತಿ ಸಿಕ್ಕಿದ್ದರೆ ಸಾಕಿತ್ತು. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ ಆಗಿನ ಲೆಕ್ಕದಲ್ಲಿ, 24 ಗಂಟೆಯೊಳಗೆ ಒಟ್ಟು 15 ನಿಮಿಷ ಸೋಂಕಿತರಿಂದ 6 ಅಡಿಯೊಳಗೆ ಇದ್ದವರು ನಿಕಟ ಸಂಪರ್ಕಿತರು. ಸೋಂಕಿತರಿಗೆ ಲಕ್ಷಣ ಕಾಣುವ 2 ದಿನ ಮೊದಲಿಂದ ಎಣಿಸಬೇಕಿತ್ತು. ತರಗತಿಯಲ್ಲಾದರೆ ಯಾರು ಎಲ್ಲಿ ಕೂರುತ್ತಾರೆಂಬ ನಕ್ಷೆ ಇದೆ, ಸುತ್ತಲಿನ ಡೆಸ್ಕುಗಳಿಗೆ ಗುರುತು ಹಾಕಿದರಾಯಿತು. ಬೇಸ್‌ಮೆಂಟಿನಲ್ಲಿ ಮಾಸ್ಕ್ ತೆಗೆದು ಒಂದೇ ಡಬ್ಬಿಯ ಪಿಜ್ಜಾ ಹಂಚಿಕೊಂಡವರಿಗೆ ಅಂಥ ನಕ್ಷೆ ಇಲ್ಲ. ಮೇಲಾಗಿ ಶಿಕ್ಷೆಯ ಭಯಕ್ಕೆ ಮಕ್ಕಳು ಬಾಯಿ ಬಿಡುವುದಿಲ್ಲ.

ಉತ್ತರ 2: ಇನ್ನೊಂದು ಕಾರಣ, ಗುಂಪುಗಳ ಬೆರಕೆ. 9, 10, 11ನೇ ತರಗತಿಗಳಿಗೆ ಬೇರೆ ಬಾಗಿಲು, ಬೇರೆ ಊಟದ ಹೊತ್ತು ಇಟ್ಟಿರುತ್ತಿದ್ದರು. ಪಾರ್ಟಿಯಲ್ಲಿ ಮೂರೂ ಒಂದಾದರೆ ಆ ಗೋಡೆ ಬಿದ್ದಂತೆ. ಆ ಮಕ್ಕಳ ಸಂಪರ್ಕಕ್ಕೆ ಬಂದ ನಾಲ್ಕೈದು ಶಿಕ್ಷಕರು ಕ್ವಾರಂಟೈನ್‌ಗೆ ಹೋದರೆ ಪಾಠ ಮಾಡಲು ಜನವೇ ಇಲ್ಲ.

ಪ್ರಶ್ನೆ ಕೇಳಿದವರು: ಸೋಮವಾರವೇ ಎಲ್ಲರಿಗೂ ಟೆಸ್ಟ್ ಮಾಡಿಸಿದರೆ?

ಉತ್ತರ 2: ಶನಿವಾರ ತಗುಲಿದ್ದು ಸೋಮವಾರ ಕಾಣದೆ ಹೋಗಬಹುದು ಸರ್. ಆಗ ಸಿಗುವ ನೆಗೆಟಿವ್ ನಂಬಿ ಒಳಗೆ ಬಿಟ್ಟರೆ ಗುರುವಾರ ಅದೇ ಮಗು ಸೋಂಕು ಹರಡುತ್ತಿರುತ್ತದೆ. ಅದಕ್ಕೇ ಆಗ 14 ದಿನದ ಕ್ವಾರಂಟೈನ್ ಇತ್ತು. 2020ರ ಡಿಸೆಂಬರಿನಲ್ಲಿ ಸಿಡಿಸಿ, ಲಕ್ಷಣವಿಲ್ಲದವರಿಗೆ 10 ದಿನ, 5ನೇ ದಿನ ಅಥವಾ ನಂತರದ ಟೆಸ್ಟ್ ನೆಗೆಟಿವ್ ಆದರೆ 7 ದಿನವೂ ಆಗಬಹುದು ಎಂದಿತು.

ಉತ್ತರ 3: ಪಾರ್ಟಿಗೆ ಯಾರು ಹೋಗಿದ್ದರೆಂಬ ವಿಚಾರಣೆಯನ್ನು ಪ್ರಿನ್ಸಿಪಾಲರ ಕೈಗೆ ಕೊಡಲೇಬಾರದು. ಶಾಲೆಯ ನರ್ಸ್ ಫೋನ್ ಮಾಡಿ, "ಹೆಸರು ಹೇಳಿದರೆ ಶಿಸ್ತುಕ್ರಮವಿಲ್ಲ" ಎಂದು ಮೊದಲೇ ಮಾತು ಕೊಟ್ಟು, ಯಾರ ಕಾರಿನಲ್ಲಿ ಯಾರು ಬಂದರು ಎಂಬಲ್ಲಿಂದ ಕೇಳುತ್ತ ಹೋಗಬೇಕು.