ಮಕ್ಕಳ ಮೊದಲ ರೇಸ್ ಸೈಕಲ್: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಪರೀಕ್ಷೆ ಮುಗಿದಿವೆ, ಮಕ್ಕಳಿಗೆ ರೇಸ್ ಸೈಕಲ್ ಕೊಡಿಸುವ ಮಾತು ಗುಂಪಿನಲ್ಲಿ ಜಾಸ್ತಿಯಾಗಿದೆ. ಇವತ್ತು ನಮ್ಮ ಕಲಬುರಗಿಯ ಮೆಕ್ಯಾನಿಕ್ ಅಣ್ಣ ಉತ್ತರ ಕೊಡ್ತಾರೆ. ವಯಸ್ಸು, ಎತ್ತರ, ಬಜೆಟ್ ಬರೆದು ಪ್ರಶ್ನೆ ಹಾಕಿ. ದಯವಿಟ್ಟು ಫಾರ್ವರ್ಡ್ ಬೇಡ.

ಸೇಡಂ ರಸ್ತೆ: ಅಣ್ಣಾ, ಮಗನಿಗೆ 14, ಎತ್ತರ 5 ಅಡಿ 2. ಬಜೆಟ್ 30 ಸಾವಿರ. ಬೆಳೆಯುವ ಹುಡುಗ, ಒಂದು ಸೈಜ್ ದೊಡ್ಡದೇ ಇರಲಿ ಅಂತ ಮನೆಯಲ್ಲಿ ಹೇಳ್ತಾರೆ.

ಮೆಕ್ಯಾನಿಕ್: ದೊಡ್ಡದು ಬೇಡ ಸರ್. ಯೂನಿಫಾರ್ಮ್ ದೊಡ್ಡದಾದರೆ ಮಡಚಿ ಹೊಲಿಸಬಹುದು, ಫ್ರೇಮ್ ಮಡಚೋಕೆ ಬರಲ್ಲ. ಉದ್ದದ ಫ್ರೇಮ್ ಮೇಲೆ ಹುಡುಗ ಮೈ ಚಾಚಿಕೊಂಡು ಕೂರಬೇಕು. ಕತ್ತು ನೋಯುತ್ತದೆ, ಬ್ರೇಕಿಗೆ ಬೆರಳು ಎಟಕುವುದಿಲ್ಲ. ಇವತ್ತು ಹೊಂದುವ ಸೈಜ್ ತಗೊಳ್ಳಿ. ಬೆಳೆದ ಹಾಗೆ ಸೀಟು ಏರಿಸಿ. ಹ್ಯಾಂಡಲನ್ನು ಸೈಕಲ್‌ಗೆ ಹಿಡಿಸುವ ತುಂಡು, ಅಂದರೆ ಸ್ಟೆಮ್, 80 ಮಿ.ಮೀ.ದ್ದು ತೆಗೆದು 100ರದ್ದು ಹಾಕಿ. ಸೀಟಿನ ಪೈಪ್ ಮೇಲೆ ಒಂದು ಗೆರೆ ಕೆತ್ತಿರುತ್ತಾರೆ, ಅದು ಹೊರಗೆ ಕಾಣುವಷ್ಟು ಏರಿಸಲೇಬೇಡಿ.

ಇನ್ನು ಬಜೆಟ್. ಹೆಲ್ಮೆಟ್, ಗೇಜ್ ಇರುವ ಪಂಪ್, ಎರಡು ಟ್ಯೂಬ್, ಇವಕ್ಕೆ ದುಡ್ಡು ಮೊದಲು ತೆಗೆದಿಡಿ. ಉಳಿದದ್ದರಲ್ಲಿ ಸೈಕಲ್ ಹುಡುಕಿ. ಬಾಗಿದ ಹ್ಯಾಂಡಲ್ ಹಾಕಿ ರೇಸ್ ಸೈಕಲ್ ಅಂತ ಮಾರುವ ಕಬ್ಬಿಣದ ಸೈಕಲ್‌ಗಳಿವೆ, 16 ಕೆಜಿ ತೂಗುತ್ತವೆ. ಎತ್ತಿ ನೋಡಿದರೇ ಗೊತ್ತಾಗುತ್ತೆ. ಅಲ್ಯೂಮಿನಿಯಂ ಫ್ರೇಮ್, ಶಿಮಾನೋ ಕಂಪನಿಯ ಕ್ಲಾರಿಸ್ ಮಟ್ಟದ ಗೇರ್ ಮೊದಲ ಸೈಕಲ್‌ಗೆ ಧಾರಾಳ ಸಾಕು. ಹೊಸದು ಬಜೆಟ್ ಮೀರಿದರೆ ಹಳೆಯದೇ ನೋಡಿ, ಆದರೆ ಹಳೆಯದು ಅಂದರೆ ಅಲ್ಯೂಮಿನಿಯಂ ಮಾತ್ರ.

ಗಂಜ್ ಕಾಕಾ: ಈಗಷ್ಟೇ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕ್ತಿದ್ದೀನಿ. "ಬ್ರೇಕ್ ಕಿರ್ ಅಂದರೆ ರಿಮ್‌ಗೆ ಎರಡು ಹನಿ ಕೊಬ್ಬರಿ ಎಣ್ಣೆ. ಚೈನ್‌ಗೆ ಕುಸುಬಿ ಎಣ್ಣೆ. ಬೇಸಿಗೆಯಲ್ಲಿ ಟೈರ್‌ಗೆ ಅರ್ಧ ಗಾಳಿ, ಇಲ್ಲದಿದ್ದರೆ ಒಡೆಯುತ್ತದೆ. ಹತ್ತು ಜನಕ್ಕೆ ಕಳಿಸಿ."

ಮೆಕ್ಯಾನಿಕ್: ಕಾಕಾ, ಇದನ್ನು ಒಬ್ಬರಿಗೂ ಕಳಿಸಬೇಡಿ. ರಿಮ್‌ಗೆ ಎಣ್ಣೆ ಹಚ್ಚಿದರೆ ಕಿರ್ ಅನ್ನುವುದು ನಿಲ್ಲುತ್ತೆ, ನಿಜ. ಸೈಕಲ್ ನಿಲ್ಲುವುದಿಲ್ಲ. ಡಿಸ್ಕ್ ಬ್ರೇಕ್ ಆದರೆ ಒಂದೇ ಹನಿಗೆ ಪ್ಯಾಡ್ ಕೆಡುತ್ತದೆ, ಹೊಸದೇ ಹಾಕಬೇಕು.

ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪದರ ಆಗುವ ಜಾತಿಯದು. ಬಣ್ಣಕ್ಕೆ, ವಾರ್ನಿಶ್‌ಗೆ ಬಳಸುವುದೇ ಅದಕ್ಕೆ. ಚೈನ್ ಮೇಲೆ ಅಂಟಾಗಿ ಕೂತು ಧೂಳು ಹಿಡಿಯುತ್ತೆ. ವಾಡಿ, ಮಳಖೇಡ ಕಡೆಯ ಸಿಮೆಂಟ್ ಧೂಳು ಸೇರಿತು ಅನ್ನಿ, ಸಾಣೆ ಹಿಡಿದಂತೆಯೇ.

ಅರ್ಧ ಗಾಳಿ ಮಾತು ಇನ್ನೂ ಚಂದ. ಬೆಳಿಗ್ಗೆ 25 ಡಿಗ್ರಿಯಲ್ಲಿ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆದರೆ, ನಮ್ಮ 45 ಡಿಗ್ರಿ ಮಧ್ಯಾಹ್ನದಲ್ಲಿ ಸುಮಾರು 86 ಆಗುತ್ತೆ. ಅಷ್ಟಕ್ಕೆ ಯಾವ ಟೈರೂ ಒಡೆಯಲ್ಲ. ಗಾಳಿ ಕಡಿಮೆ ಇದ್ದರೇ ಕಷ್ಟ. ಗುಂಡಿಗೆ ಬಿದ್ದಾಗ ಟ್ಯೂಬು ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ. 45 ಕೆಜಿ ಹುಡುಗನಿಗೆ 28 ಮಿ.ಮೀ. ಅಗಲದ ಟೈರಿನಲ್ಲಿ 60-65 ಸಾಕು, 25ರದ್ದಾದರೆ 75ರ ಆಸುಪಾಸು. ಟೈರ್ ಪಕ್ಕದಲ್ಲಿ ಬರೆದ ಗರಿಷ್ಠ ಅಂಕಿ ದಾಟಬೇಡಿ.

ಗಂಜ್ ಕಾಕಾ: ನಾವೂ ಸೈಕಲ್ ತುಳಿದವರೇ ತಮ್ಮಾ. ಎಣ್ಣೆ ಹಾಕಿಯೇ ತುಳಿದದ್ದು.

ಭಾಲ್ಕಿ ಅಪ್ಪ: ಸರ್, ಮಗನಿಗೆ 15, ಎತ್ತರ 5 ಅಡಿ 3. ಹೈದರಾಬಾದ್‌ನಿಂದ ಹಳೆಯ ಕಾರ್ಬನ್ ಫೈಬರ್ ಸೈಕಲ್ ತಂದಿದ್ದೀವಿ, 45 ಸಾವಿರ. ಫ್ರೇಮ್ ಸೈಜ್ 56 (ಸೆಂ.ಮೀ.) ಅಂತ ಬರೆದಿದೆ. ಮುಂದಿನ ಬ್ರೇಕ್ ಹಿಡಿದಾಗ ಹ್ಯಾಂಡಲ್ ಕೆಳಗೆ 'ಕಟ್' ಅಂತ ಸದ್ದು. ಕೊಟ್ಟವರು ಗ್ರೀಸ್ ಹಾಕಿದರೆ ಹೋಗುತ್ತೆ ಅಂದರು. ಭಾನುವಾರ ವಿಜಯಪುರದ ಕಡೆ ರೇಸ್ ಇದೆ. ಯಾವ ಗ್ರೀಸ್ ಹಾಕಲಿ?

ಮೆಕ್ಯಾನಿಕ್: ಭಾಲ್ಕಿ ಸರ್, ಸದ್ಯಕ್ಕೆ ಹುಡುಗನನ್ನು ಅದರ ಮೇಲೆ ಹತ್ತಿಸಬೇಡಿ. ಮನೆ ಮುಂದಿನ ಓಣಿಯಲ್ಲೂ ಬೇಡ. ಮೂರು ವಿಷಯ ಹೇಳಿ. ಒಂದು, ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ ಹಿಂದೆ ಮುಂದೆ ಅಲ್ಲಾಡಿಸಿ. ಫೋರ್ಕ್ (ಮುಂದಿನ ಗಾಲಿ ಹಿಡಿಯುವ ಕವಲು) ಮತ್ತು ಫ್ರೇಮ್ ಸೇರುವ ಜಾಗದಲ್ಲಿ ಬೆರಳಿಟ್ಟರೆ ಅಲುಗಾಟ ಸಿಗುತ್ತಾ? ಎರಡು, ಹ್ಯಾಂಡಲ್ ಬೋಲ್ಟ್ ಯಾರು ಬಿಗಿ ಮಾಡಿದ್ದು, ಯಾವುದರಿಂದ? ಮೂರು, ಹ್ಯಾಂಡಲ್ ಮಧ್ಯದ ಮೇಲಿನ ಮುಚ್ಚಳ ಬಿಚ್ಚಿ, ಒಳಗೆ ಏನಿದೆ ಅಂತ ಫೋಟೋ ಹಾಕಿ.

ನೌಬಾದ್ ರೈಡರ್: ಹಳೆಯದಾದರೂ ಕಾರ್ಬನ್ ಕಾರ್ಬನ್ನೇ. 7 ಕೆಜಿ ಸೈಕಲ್ ಮುಂದೆ 10 ಕೆಜಿ ಅಲ್ಯೂಮಿನಿಯಂ ಏನು ಮಾಡುತ್ತೆ? ಮೆಕ್ಯಾನಿಕ್ ಸುಮ್ನೆ ಹೆದರಿಸ್ತಿದ್ದಾರೆ.

ಗಂಜ್ ಕಾಕಾ: ವಿಜಯಪುರ, ಬಾಗಲಕೋಟೆ, ಜಮಖಂಡಿಯ ರೇಸ್ ಹುಡುಗರು ಕಾರ್ಬನ್ ಮೇಲೆ ಕಲಿತರಾ? ಕಾಲಲ್ಲಿ ದಮ್ ಬೇಕು.

ನೌಬಾದ್ ರೈಡರ್: ಕಾಕಾ, ಆ ಕಾಲ ಹೋಯ್ತು. ಈಗ ಅವರೂ ಕಾರ್ಬನ್ನೇ ತುಳಿಯೋದು.

ಮೆಕ್ಯಾನಿಕ್: ಅಂತಾರಾಷ್ಟ್ರೀಯ ಸಂಸ್ಥೆ ಯುಸಿಐ ನಿಯಮದಲ್ಲಿ ರೇಸ್ ಸೈಕಲ್ 6.8 ಕೆಜಿಗಿಂತ ಹಗುರ ಇರಬಾರದು. ಅಷ್ಟು ಹಗುರದ್ದು ಬೇಕಾಗುವುದು ಬೆಟ್ಟ ಹತ್ತುವವರಿಗೆ. ಜೇವರ್ಗಿ ರಸ್ತೆಯಲ್ಲಿ ಯಾವ ಬೆಟ್ಟ ಇದೆ? ಸಮತಟ್ಟು ದಾರಿಯಲ್ಲಿ ತಡೆಯುವುದು ಎದುರು ಗಾಳಿ, ಮೂರು ಕೆಜಿ ತೂಕ ಅಲ್ಲ.

ಶಹಾಪುರದ ಅಮ್ಮ: ಅಣ್ಣಾ, ಮಗಳಿಗೆ 13, ಎತ್ತರ 4 ಅಡಿ 10. ಸೈಕಲ್ ತಗೊಂಡಾಗಿದೆ. ಹತ್ತು ಕಿಲೋಮೀಟರ್ ಆದ ಮೇಲೆ ಮೊಣಕಾಲಿನ ಮುಂಭಾಗ ನೋವು ಅಂತಾಳೆ. ಬೆಳೆಯುವ ವಯಸ್ಸಿನ ನೋವು ಅಂತ ಬಿಡಬಹುದಾ?

ಮೆಕ್ಯಾನಿಕ್: ಬಿಡಬೇಡಿ ಅಕ್ಕಾ. ಮುಂಭಾಗದ ನೋವು ಅಂದರೆ ಮೊದಲು ಸೀಟಿನ ಎತ್ತರ ನೋಡಬೇಕು. ಬಹಳ ಸಲ ಸೀಟು ಕೆಳಗಿರುತ್ತೆ. ಕಾಲು ನೆಲಕ್ಕೆ ಎಟಕಲಿ ಅಂತ ಅಂಗಡಿಯಲ್ಲಿ ಇಳಿಸಿ ಕೊಡ್ತಾರೆ. ಗೋಡೆ ಹಿಡಿದು ಕೂರಿಸಿ, ಪೆಡಲ್ ಪೂರ್ತಿ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಡಿಸಿ. ಕಾಲು ನೇರ ಆಗಬೇಕು. ಸೊಂಟ ಪಕ್ಕಕ್ಕೆ ವಾಲಿದರೆ ಸೀಟು ಜಾಸ್ತಿ ಎತ್ತರ. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲಿಗೆ ಬೇಕಾದಷ್ಟು ಬಾಗು ತಾನಾಗಿ ಬರುತ್ತೆ. ಒಂದೇ ಸಲ ಏರಿಸಬೇಡಿ, ಅರ್ಧರ್ಧ ಸೆಂಟಿಮೀಟರ್. ಈ ವಯಸ್ಸಿನಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ದೊಡ್ಡ ಚಕ್ರದ ಗೇರ್ ಹಾಕಿ ಬಲ ಹಾಕಿ ತುಳಿಯುವುದೂ ಬೇಡ. ಹಗುರ ಗೇರ್‌ನಲ್ಲಿ ಬೇಗ ಬೇಗ ತುಳಿಯಲಿ. ಎರಡು ವಾರದಲ್ಲಿ ಕಡಿಮೆ ಆಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ನನ್ನ ಹತ್ತಿರ ಅಲ್ಲ.

ಗಂಜ್ ಕಾಕಾ: ತಂಗೀ, ತಪ್ಪು ತಿಳೀಬೇಡ. ಹೆಣ್ಣು ಹುಡುಗಿಯನ್ನು ಲಾರಿ ಓಡಾಡುವ ರಸ್ತೆಗೆ ಕಳಿಸುವ ಬದಲು ಒಂದು ಸ್ಕೂಟಿ ಕೊಡಿಸಬಹುದಲ್ಲ.

ಶಹಾಪುರದ ಅಮ್ಮ: 13ಕ್ಕೆ ಸ್ಕೂಟಿ ಕೊಡಿಸಲಾ ಕಾಕಾ? ಲೈಸೆನ್ಸ್ ನೀವು ಕೊಡ್ತೀರಾ? ಹುಡುಗರನ್ನು ನೋಡಿದರೆ ಲಾರಿ ಪಕ್ಕಕ್ಕೆ ಸರಿಯುತ್ತಾ?

ಗಂಜ್ ಕಾಕಾ: ನಾನು ಒಳ್ಳೇದಕ್ಕೆ ಹೇಳಿದೆ.

ಶಹಾಪುರದ ಅಮ್ಮ: ರಿಮ್‌ಗೆ ಎಣ್ಣೆ ಹಚ್ಚಿ ಅಂದದ್ದೂ ಒಳ್ಳೇದಕ್ಕೇ ಅಲ್ವಾ?

ಅಡ್ಮಿನ್: ಸಾಕು. ಸೈಕಲ್ ವಿಷಯಕ್ಕೆ ಬನ್ನಿ.

ಯಾದಗಿರಿ ಮೇಷ್ಟ್ರು: ನಮ್ಮ ಶಾಲೆಯ ಹುಡುಗನೊಬ್ಬ ಚೆನ್ನಾಗಿ ಓಡಿಸ್ತಾನೆ. ಕ್ರೀಡಾ ಹಾಸ್ಟೆಲ್‌ಗೆ ಆಯ್ಕೆ ಹೇಗೆ ಮಾಡ್ತಾರೆ, ಯಾರನ್ನು ಕೇಳಬೇಕು?

ಆಳಂದ ಹುಡುಗ: ಅಣ್ಣಾ ಚೈನ್‌ಗೆ ಡಬ್ಲ್ಯುಡಿ-40 ಹೊಡೆದರೆ ನಡೆಯುತ್ತಾ?

ಮೆಕ್ಯಾನಿಕ್: ಆ ನೀಲಿ ಡಬ್ಬಿಯದು ಚೈನ್ ತೊಳೆಯೋಕೆ ನಡೆಯುತ್ತೆ, ಚೈನ್ ಎಣ್ಣೆ ಅಂತ ನಡೆಯಲ್ಲ. ಸೈಕಲ್ ಚೈನ್ ಎಣ್ಣೆ ಬೇರೆಯೇ ಸಿಗುತ್ತೆ. ಒಂದೊಂದು ರೋಲರ್‌ಗೆ ಒಂದು ಹನಿ, ಪೆಡಲ್ ಹಿಂದಕ್ಕೆ ತಿರುಗಿಸು, ಸ್ವಲ್ಪ ಹೊತ್ತು ಬಿಡು, ಆಮೇಲೆ ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸು. ಎಣ್ಣೆ ಒಳಗಿರಬೇಕು, ಹೊರಗೆ ಕಾಣಬಾರದು.

ಜೇವರ್ಗಿ ಕಾರ್ನರ್: ಒಂದೇ ವಾರದಲ್ಲಿ ಒಂದೇ ಗಾಲಿ ಮತ್ತೆ ಮತ್ತೆ ಪಂಚರ್. ಟೈರ್ ಕಳಪೆಯಾ?

ಮೆಕ್ಯಾನಿಕ್: ಜಾಲಿ ಮುಳ್ಳು. ಟ್ಯೂಬಿಗೆ ಪ್ಯಾಚ್ ಹಾಕಿಸಿ ಮುಳ್ಳನ್ನು ಟೈರಿನಲ್ಲೇ ಬಿಟ್ಟಿದ್ದೀರಿ. ಹೊರಗೆ ಮುರಿದಿರುತ್ತೆ, ಕಣ್ಣಿಗೆ ಕಾಣಲ್ಲ. ಹತ್ತಿ ಉಂಡೆಯನ್ನು ಟೈರ್ ಒಳಗೆ ಮೆಲ್ಲಗೆ ಸುತ್ತ ಆಡಿಸಿ, ಎಳೆ ಎಲ್ಲಿ ಸಿಕ್ಕುತ್ತೋ ಅಲ್ಲಿ ಮುಳ್ಳಿನ ಮೊನೆ ಇದೆ. ಚಿಮಟದಿಂದ ಕೀಳಿ. ರಸ್ತೆ ಬದಿಯ ಮಣ್ಣಿಗೆ ಸೈಕಲ್ ಇಳಿಸುವ ಚಟ ಬಿಡಿಸಿ.

ಭಾಲ್ಕಿ ಅಪ್ಪ: (ಫೋಟೋ) ಅಲುಗಾಟ ಸ್ವಲ್ಪ ಇದೆ ಸರ್. ಬೋಲ್ಟ್ ಮೋಟರ್ ಸೈಕಲ್ ಅಂಗಡಿಯಲ್ಲಿ ಬಿಗಿ ಮಾಡಿಸಿದ್ದು. ಮುಚ್ಚಳದ ಒಳಗೆ ಹೂವಿನ ಆಕಾರದ ಕಬ್ಬಿಣದ ನಟ್ ಇದೆ.

ಮೆಕ್ಯಾನಿಕ್: ನಾನು ಹೆದರಿದ್ದು ಇದಕ್ಕೇ. ಎಲ್ಲರೂ ಓದಿ, ಹಳೆಯ ಕಾರ್ಬನ್ ತರುವವರೆಲ್ಲ.

ಫೋರ್ಕ್‌ನ ಮೇಲಿನ ಪೈಪ್ ಫ್ರೇಮ್ ಒಳಗಿಂದ ಬಂದು ಸ್ಟೆಮ್ ಹಿಡಿತಕ್ಕೆ ಸಿಗುತ್ತೆ. ಹುಡುಗನ ಮೈಭಾರ, ಬ್ರೇಕಿನ ಹೊಡೆತ ಎಲ್ಲ ಆ ಒಂದು ಪೈಪ್ ಮೇಲೆ. ನೀವು ಹೇಳಿದ್ದು ಸ್ಟಾರ್ ನಟ್. ಸುತ್ತಿಗೆಯಿಂದ ಹೊಡೆದು ಒಳಗೆ ಇಳಿಸ್ತಾರೆ, ಅದರ ಹಲ್ಲು ಪೈಪ್ ಗೋಡೆಯನ್ನು ಕಚ್ಚಿ ಕೂರುತ್ತೆ. ಅಲ್ಯೂಮಿನಿಯಂ ಅಥವಾ ಕಬ್ಬಿಣದ ಪೈಪ್‌ಗೆ ಅದು ಸರಿ. ಕಾರ್ಬನ್ ಪೈಪ್‌ಗೆ ಕಚ್ಚಿದರೆ ಒಳಗಿನ ಎಳೆಗಳನ್ನೇ ಕಡಿಯುತ್ತೆ. ಕಾರ್ಬನ್‌ಗೆ ಹಾಕಬೇಕಾದದ್ದು ಬಿಗಿ ಮಾಡಿದಾಗ ಒಳಗೆ ಅಗಲವಾಗುವ ಬೇರೆ ಪ್ಲಗ್. ಅದು ಒಳಗಿನಿಂದ ಆಸರೆ ಕೊಡುತ್ತೆ.

ಮೇಲಿಂದ ಮೋಟರ್ ಸೈಕಲ್ ಅಂಗಡಿಯ ಪಾನಾ. ಸ್ಟೆಮ್ ಬೋಲ್ಟ್‌ಗಳ ಮೇಲೆ ಎಷ್ಟು ಬಿಗಿ ಮಾಡಬೇಕು ಅಂತ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಅಂತ ಬರೆದಿರುತ್ತೆ. ಕೈ ಅಂದಾಜಿನಲ್ಲಿ ತಿರುವಿದರೆ ಅದರ ಎರಡರಷ್ಟು ಸುಲಭವಾಗಿ ಆಗುತ್ತೆ. ಈ ಬಿಗಿತ ಅಳೆಯುವ ಟಾರ್ಕ್ ಪಾನಾ ಇಲ್ಲದೆ ಕಾರ್ಬನ್ ಮುಟ್ಟಬಾರದು.

ಕಬ್ಬಿಣ ಬಾಗಿ ಸುಳಿವು ಕೊಡುತ್ತೆ. ಕಾರ್ಬನ್ ಬಾಗದೆ ಒಮ್ಮೆಲೇ ಮುರಿಯುತ್ತೆ. ಈ ಪೈಪ್ ಮುರಿದರೆ ಹ್ಯಾಂಡಲ್ ಕೈಗೆ ಬರುತ್ತೆ, ಮುಖ ಡಾಂಬರಿಗೆ. ರೇಸ್‌ನಲ್ಲಿ ಆದರೆ ಹಿಂದಿನವರೂ ಮೇಲೆ ಬೀಳ್ತಾರೆ.

ಈಗ ಮಾಡಬೇಕಾದ್ದು. ಮುಂದಿನ ಬ್ರೇಕ್ ಬಿಡಿಸಿ, ಸ್ಟೆಮ್ ಬೋಲ್ಟ್ ಸಡಿಲಿಸಿ, ಕೆಳಗೆ ಒಬ್ಬರು ಫೋರ್ಕ್ ಹಿಡಿದಿರಲಿ, ಹ್ಯಾಂಡಲ್ ಮೇಲಕ್ಕೆ ಎತ್ತಿ, ಫೋರ್ಕ್ ಕೆಳಗೆ ಎಳೆಯಿರಿ. ಪೈಪ್ ಒರೆಸಿ ಬಿಸಿಲಿಗೆ ಹಿಡಿಯಿರಿ. ಉಗುರು ಆಡಿಸಿ. ಬಣ್ಣದ ಗೀರು ಆದರೆ ಉಗುರು ಜಾರುತ್ತೆ, ಸೀಳಾದರೆ ಸಿಕ್ಕುತ್ತೆ. ಆಮೇಲೆ ಒಂದು ರೂಪಾಯಿ ನಾಣ್ಯದಿಂದ ತಟ್ಟುತ್ತಾ ಬನ್ನಿ. ಟಕ್ ಟಕ್ ಅನ್ನುವುದು ಒಂದು ಕಡೆ ಡಬ್ ಅಂದರೆ ಒಳಗೆ ಪದರ ಬಿಟ್ಟಿದೆ. ಆದರೆ ಸದ್ದು ಚೆನ್ನಾಗಿದೆ ಅಂತ ಸಮಾಧಾನ ಪಡಬೇಡಿ, ಸ್ಟಾರ್ ನಟ್ ಹೊಡೆದ ಕಾರ್ಬನ್ ಫೋರ್ಕ್ ಹೇಗೂ ಬದಲಾಯಿಸಬೇಕು.

ಇನ್ನೊಂದು. 56 ಸೈಜ್ 5 ಅಡಿ 10 ದಾಟಿದವರಿಗೆ. ನಿಮ್ಮ ಹುಡುಗನಿಗೆ 49 ಇಲ್ಲವೇ 50. ಸದ್ದು ಇಲ್ಲದಿದ್ದರೂ ಇದು ಅವನ ಸೈಕಲ್ ಅಲ್ಲ.

ನೌಬಾದ್ ರೈಡರ್: ನನ್ನ ಸ್ನೇಹಿತ ಇಂಥದ್ದಕ್ಕೆ ಎಂ-ಸೀಲ್ ಹಾಕಿ ಆರಾಮಾಗಿ ಓಡಿಸ್ತಿದ್ದಾನೆ.

ಮೆಕ್ಯಾನಿಕ್: ನಿಮ್ಮ ಸ್ನೇಹಿತನ ಮುಂದೆ ಹೋಗಬೇಡಿ, ಹಿಂದೆಯೂ ಹೋಗಬೇಡಿ. ಎಂ-ಸೀಲ್ ನೀರಿನ ಪೈಪಿಗೆ.

ನೌಬಾದ್ ರೈಡರ್: ಎಲ್ಲ ಗೊತ್ತಿರುವ ಹಾಗೆ ಮಾತಾಡಬೇಡಿ.

ಸೇಡಂ ರಸ್ತೆ: ಅಣ್ಣಾ, ಚೈನ್ ಯಾವಾಗ ಬದಲಾಯಿಸಬೇಕು?

ಮೆಕ್ಯಾನಿಕ್: ಸ್ಟೀಲ್ ಪಟ್ಟಿಯ ಸೊನ್ನೆಯನ್ನು ಚೈನ್‌ನ ಒಂದು ಪಿನ್ ಮಧ್ಯಕ್ಕೆ ಇಡಿ. ಹೊಸ ಚೈನ್‌ನಲ್ಲಿ 12 ಇಂಚಿಗೆ ಸರಿಯಾಗಿ ಪಿನ್ ಬರುತ್ತೆ. 1/16 ಇಂಚು ಮುಂದೆ ಹೋಗಿದ್ದರೆ ಹೊಸ ಚೈನ್ ಹಾಕಿ. 1/8 ಹೋಗಿದ್ದರೆ ಹಿಂದಿನ ಗೇರ್ ಚಕ್ರಗಳೂ ಹೋಗಿರುತ್ತವೆ.

ಹುಮನಾಬಾದ್ ಬೈಪಾಸ್: ಮಗನಿಗೆ 13, ಸ್ವಲ್ಪ ದೊಡ್ಡ ಸೈಜ್ ತಗೊಂಡರೆ ಹೇಗೆ?

ಮೆಕ್ಯಾನಿಕ್: ಮೇಲೆ ಓದಿ.

ಗುರುಮಠಕಲ್ ಫ್ರೆಂಡ್: ಚೈನ್ ಚಿಮಣಿ ಎಣ್ಣೆಯಲ್ಲಿ ನೆನೆಹಾಕಿ ಗ್ರೀಸ್ ಬಳಿದರೆ ಬಹಳ ದಿನ ಬರುತ್ತಂತೆ?

ಮೆಕ್ಯಾನಿಕ್: ಗ್ರೀಸ್ ಬೇಡ. ಮೇಲೆ ಓದಿ.

ಯಾದಗಿರಿ ಮೇಷ್ಟ್ರು: ಹಾಸ್ಟೆಲ್ ವಿಷಯ ಕೇಳಿದ್ದೆ.

ಆಳಂದ ಹುಡುಗ: ಅಣ್ಣಾ ಕುಸುಬಿ ಬದಲು ಶೇಂಗಾ ಎಣ್ಣೆ?

ಮೆಕ್ಯಾನಿಕ್: ಬಜ್ಜಿಗೆ.

ಭಾಲ್ಕಿ ಅಪ್ಪ: (ಫೋಟೋ) ಬಿಚ್ಚಿದ್ವಿ ಸರ್. ಸ್ಟೆಮ್ ಹಿಡಿಯುವ ಜಾಗದ ಕೆಳಗೆ ಕೂದಲಿನಷ್ಟು ಬಿಳಿ ಗೆರೆ, ಅರ್ಧ ಸುತ್ತು ಇದೆ. ಉಗುರು ಸಿಕ್ಕುತ್ತೆ. ಮಗ ಅಳ್ತಾ ಕೂತಿದ್ದಾನೆ, ಭಾನುವಾರದ ರೇಸ್ ಹೋಯ್ತು ಅಂತ.

ಮೆಕ್ಯಾನಿಕ್: ಅಳಲಿ, ಹಲ್ಲು ಪೂರ್ತಿ ಇವೆ. ಕೊಟ್ಟವರಿಗೆ ಈ ಎರಡೂ ಫೋಟೋ ಕಳಿಸಿ, ಸೈಕಲ್ ವಾಪಸ್ ಮಾಡಿ ದುಡ್ಡು ಕೇಳಿ. ಒಪ್ಪದಿದ್ದರೆ ಹೊಸ ಫೋರ್ಕ್ ಹಾಕಿಸಿ 56 ಸೈಜ್ ಹೊಂದುವವರಿಗೆ ಮಾರಿ, ಏನಾಗಿತ್ತು ಅಂತ ಹೇಳಿಯೇ ಮಾರಿ. ಫೋರ್ಕ್ ತರಿಸುವ ಮುಂಚೆ ಪೈಪಿನ ಅಗಲ ಮೇಲೆ, ಕೆಳಗೆ ಎರಡೂ ಕಡೆ ಅಳೆಯಿರಿ, ಕೆಲವು ಕೆಳಗೆ ದಪ್ಪ ಇರುತ್ತವೆ. ರೇಸ್‌ಗೆ ಯಾರದಾದರೂ 50ರ ಸೈಕಲ್ ಇದ್ದರೆ ಎರಡು ದಿನಕ್ಕೆ ಕೊಡಿ ಮಾರಾಯ್ರೇ, ಬೀದರ್‌ನವರು ಯಾರಿದ್ದೀರಿ?

ಶಹಾಪುರದ ಅಮ್ಮ: ನನ್ನ ತಮ್ಮ ಬೀದರ್‌ನಲ್ಲಿದ್ದಾನೆ, ಅವನದು 50 ಇದೆ ಅನಿಸುತ್ತೆ. ಕೇಳಿ ಹೇಳ್ತೀನಿ ಅಣ್ಣಾ.

ನೌಬಾದ್ ರೈಡರ್: ಭಾಲ್ಕಿ ಸರ್, ಆ ಹಳೇ ಫೋರ್ಕ್ ಎಸೆಯುವುದಾದರೆ ನನಗೆ ಕೊಡಿ. 1500 ಕೊಡ್ತೀನಿ. ಕಾರ್ಬನ್ ಕಾರ್ಬನ್ನೇ.

ಮೆಕ್ಯಾನಿಕ್: ಭಾಲ್ಕಿ ಸರ್, ಮನೆಯಲ್ಲಿ ಗರಗಸ ಇದೆಯಾ? ಕೊಟ್ಟವರು ಸೈಕಲ್ ವಾಪಸ್ ತಗೊಳ್ಳಲ್ಲ ಅಂದರೆ ಆಗಲೇ ಈ ಫೋರ್ಕ್ ಎರಡು ತುಂಡು ಮಾಡಿ ಫೋಟೋ ಹಾಕಿ. ಕೊಯ್ಯುವಾಗ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಒಳ್ಳೇದಲ್ಲ. ಆಮೇಲೆ ಬೇಕಾದರೆ ಇವರಿಗೆ ಪುಕ್ಕಟೆ ಕೊಡಿ.